ಕೂ ಹಾಕಿದ್ದು ಹಳೇ ಮನೆಗೆ: ಯೂಸರ್ ಇಂಟರಪ್ಟ್ ಕೋಡ್ ಓದುವಾಗ ಎಲ್ಲಿ ನಿಲ್ಲಬೇಕು?

ಪ್ರಶ್ನೆ: ನಾನು ಕಾಸರಗೋಡಿನ ಪೆರ್ಲದವ, ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ. ಇಂಟೆಲ್‌ನವರ ಹಳೇ ಪ್ಯಾಚ್ ನೋಡಿಕೊಂಡು ನಮ್ಮ ತಂಡ ಲಿನಕ್ಸ್ ಕರ್ನೆಲ್‌ಗೆ ಯೂಸರ್ ಇಂಟರಪ್ಟ್ ಸೇರಿಸಿದೆ. ರಿವ್ಯೂ ನನ್ನ ತಲೆಗೆ ಬಿದ್ದಿದೆ. ಟೆಸ್ಟ್ ಎಲ್ಲ ಪಾಸ್, ಆದರೆ ಎರಡು ಮೂರು ಗಂಟೆ ಓಡಿದ ಮೇಲೆ ರಿಸೀವರ್ ಥ್ರೆಡ್ ಸುಮ್ನೆ ಕೂತುಬಿಡುತ್ತದೆ. ಕಳಿಸಿದವನು ಉತ್ತರಕ್ಕೆ ಕಾಯುತ್ತಲೇ ಇರುತ್ತಾನೆ. ಥ್ರೆಡ್ ಮತ್ತೆ ಓಡಲು ಹೊರಡುವಾಗ ನಮ್ಮ ಕೋಡ್ ಮೊದಲು ಪಿಐಆರ್ (ಬಂದು ಕಾಯುತ್ತಿರುವ ಇಂಟರಪ್ಟ್‌ಗಳ ಗುರುತು) ನೋಡುತ್ತದೆ, ಏನಾದರೂ ಇದ್ದರೆ ತನಗೆ ತಾನೇ ಐಪಿಐ (ಸಿಪಿಯುಗಳು ಕಳಿಸುವ ಇಂಟರಪ್ಟ್) ಕಳಿಸಿಕೊಳ್ಳುತ್ತದೆ. ಆಮೇಲೆ ಐಪಿಐ ತಡೆಯುವ ಎಸ್‌ಎನ್ ಬಿಟ್ ತೆಗೆಯುತ್ತದೆ. ಕೊನೆಗೆ ಐಪಿಐ ಎಲ್ಲಿಗೆ ಹೋಗಬೇಕೆಂದು ಹೇಳುವ ಎನ್‌ಡಿಎಸ್‌ಟಿಗೆ ಹೊಸ ಸಿಪಿಯು ನಂಬರ್ ಬರೆಯುತ್ತದೆ. ಸಾಲು ಸಾಲಾಗಿ ಓದಿದೆ, ತಪ್ಪು ಕಾಣಲಿಲ್ಲ. ಎಲ್ಲಿ ನೋಡಬೇಕು?

ಉತ್ತರ: ತಪ್ಪು ಸಾಲಿನಲ್ಲಿಲ್ಲ ಮಾರಾಯ್ರೇ, ಸಾಲುಗಳ ನಡುವೆ ಇದೆ. ನೀವು ಹೇಳಿದ ಮೂರೂ ಕೆಲಸ ಬೇಕಾದವೇ, ಕ್ರಮ ಮಾತ್ರ ಪೂರ್ತಿ ತಲೆಕೆಳಗು.

ಬೇರೆ ಓದುಗರಿಗಾಗಿ ಎರಡು ಮಾತು. ಮಾಮೂಲಿ ಇಂಟರಪ್ಟ್ ಬಂದರೆ ಕರ್ನೆಲ್ ಎದ್ದು ನೋಡಬೇಕು. ಯೂಸರ್ ಇಂಟರಪ್ಟ್ ಹಾಗಲ್ಲ. ಒಂದು ಪ್ರೋಗ್ರಾಮ್ ಸೆಂಡ್‌ಯುಐಪಿಐ ಎಂಬ ಇನ್‌ಸ್ಟ್ರಕ್ಷನ್ ಓಡಿಸಿದರೆ (ದುಡ್ಡು ಕಳಿಸುವ ಯುಪಿಐ ಅಲ್ಲ!) ಇನ್ನೊಂದು ಸಿಪಿಯುನಲ್ಲಿ ಓಡುತ್ತಿರುವ ಪ್ರೋಗ್ರಾಮಿನ ಹ್ಯಾಂಡ್ಲರ್‌ಗೆ ನೇರ ಹೋಗುತ್ತದೆ, ನಡುವೆ ಕರ್ನೆಲ್ ಇಲ್ಲ. ಇಂಟೆಲ್‌ನ ಸರ್ವರ್ ಚಿಪ್‌ಗಳಲ್ಲಿ ಇದು ಬಂದದ್ದು 2023ರ ಸಫೈರ್ ರಾಪಿಡ್ಸ್ ಜೊತೆ. ಲಿನಕ್ಸ್ ಪ್ಯಾಚ್ ಅದಕ್ಕಿಂತ ಮೊದಲೇ, 2021ರ ಸೆಪ್ಟೆಂಬರ್‌ನಲ್ಲಿ, ಬರೀ ಅಭಿಪ್ರಾಯ ಕೇಳುವ ಆರ್‌ಎಫ್‌ಸಿಯಾಗಿ ಹೊರಬಂತು. ನಿಮ್ಮವರು ಎತ್ತಿಕೊಂಡದ್ದು ಅದೇ ಇರಬೇಕು.

ಪ್ರತಿ ರಿಸೀವರ್‌ಗೂ ಯುಪಿಐಡಿ ಎಂಬ 16 ಬೈಟ್‌ನ ಒಂದು ಜಾಗ ಇರುತ್ತದೆ. ನಮ್ಮ ಕಡೆಯ ಕಂಗಿನ ತೋಟದ ಮನೆ ನೆನಪಿಸಿಕೊಳ್ಳಿ. ಬಂದವರು ಜಗಲಿಯ ಬುಟ್ಟಿಯಲ್ಲಿ ಚೀಟಿ ಇಟ್ಟು, ತೋಟದ ಕಡೆ ತಿರುಗಿ 'ಕೂ' ಅಂತ ಒಂದು ಕೂಗು ಹಾಕುತ್ತಾರೆ. ಬುಟ್ಟಿಯೇ ಪಿಐಆರ್, ಅದರಲ್ಲಿ 64 ಬಿಟ್. ಎಸ್‌ಎನ್ ಅಂದರೆ 'ಈಗ ಕೂ ಹಾಕಬೇಡಿ, ಚೀಟಿ ಇಟ್ಟು ಹೋಗಿ' ಎಂಬ ಬೋರ್ಡು. ಎನ್‌ಡಿಎಸ್‌ಟಿ ಅಂದರೆ ಯಾವ ತೋಟದ ಕಡೆ ಕೂಗಬೇಕು ಎಂಬುದು. ಇನ್ನೊಂದು ಒಎನ್ ಬಿಟ್, 'ಆಗಲೇ ಒಬ್ಬರು ಕೂ ಹಾಕಿದ್ದಾರೆ' ಎಂಬ ಗುರುತು. ಅದಿದ್ದರೆ ಮುಂದೆ ಬಂದವರು ಯಾರೂ ಕೂಗುವುದಿಲ್ಲ. ಈ ಕೊನೆಯದನ್ನು ನೆನಪಿಡಿ.

ಈಗ ನಿಮ್ಮ ಕೋಡ್ ನೋಡೋಣ. ಬುಟ್ಟಿ ನೋಡಿದಿರಿ, ಖಾಲಿ. ಬೋರ್ಡು ತೆಗೆಯಲು ಕೈ ಹಾಕುವಷ್ಟರಲ್ಲಿ ಒಬ್ಬ ಬಂದ, ಬೋರ್ಡು ನೋಡಿದ, ಚೀಟಿ ಇಟ್ಟು ಸದ್ದಿಲ್ಲದೆ ಹೋದ. ನೀವು ಬೋರ್ಡು ತೆಗೆದಿರಿ, ಬುಟ್ಟಿ ಮತ್ತೆ ನೋಡಲೇ ಇಲ್ಲ. ಇನ್ನೊಬ್ಬ ಬಂದು ಕೂ ಹಾಕಿದರೆ ಎರಡೂ ಚೀಟಿ ಒಟ್ಟಿಗೆ ಸಿಗುತ್ತವೆ, ಅಷ್ಟು ಹೊತ್ತಿಗೆ ತಡ ಆದದ್ದು ಯಾರಿಗೂ ಗೊತ್ತಾಗುವುದಿಲ್ಲ, ಅದಕ್ಕೇ ನಿಮ್ಮ ಟೆಸ್ಟ್ ಪಾಸ್ ಆಗಿದ್ದು. ಆದರೆ ಕಳಿಸಿದವನು ಉತ್ತರ ಬರುವವರೆಗೆ ಇನ್ನೊಂದು ಕಳಿಸದೆ ಕಾಯುವವನಾದರೆ ಇಬ್ಬರೂ ಕೂತಲ್ಲೇ ಕೂತರು.

ಎರಡನೆಯದು ಇದಕ್ಕಿಂತ ಕೆಟ್ಟದ್ದು. ಎಸ್‌ಎನ್ ತೆಗೆದಾಗಿದೆ, ಎನ್‌ಡಿಎಸ್‌ಟಿ ಇನ್ನೂ ಹಳೇ ಸಿಪಿಯು ತೋರಿಸುತ್ತಿದೆ. ಆ ಹೊತ್ತಿಗೆ ಬಂದವನು ಒಎನ್ ಹಾಕಿ, ಖಾಲಿ ಮಾಡಿದ ಹಳೇ ಮನೆ ಕಡೆ ಕೂ ಹಾಕಿದ. ಅಲ್ಲಿ ಕೇಳುವವರಿಲ್ಲ, ಒಎನ್ ಮಾತ್ರ ಹಾಗೇ ಉಳಿಯಿತು. ಇನ್ನು ಯಾರು ಎಷ್ಟು ಸಲ ಕಳಿಸಿದರೂ ಐಪಿಐ ಹೋಗುವುದಿಲ್ಲ. ಥ್ರೆಡ್ ಮತ್ತೊಮ್ಮೆ ಸಿಪಿಯು ಬಿಟ್ಟು ವಾಪಸ್ ಬರುವವರೆಗೆ ಇದೇ ಗತಿ. ಒಂದೇ ಕೋರ್‌ಗೆ ಕಟ್ಟಿಹಾಕಿದ ಥ್ರೆಡ್‌ನಲ್ಲಿ ಇದು ಆಗುವುದೇ ಇಲ್ಲ, ಹಾಗಾಗಿ ನಿಮ್ಮ ಟೆಸ್ಟ್ ಥ್ರೆಡ್‌ಗಳನ್ನು ಕೋರ್‌ಗೆ ಪಿನ್ ಮಾಡಿದ್ದೀರಾ ಅಂತ ಮೊದಲು ನೋಡಿ.

ಸರಿಯಾದ ಕ್ರಮ: ಮೊದಲು ಎನ್‌ಡಿಎಸ್‌ಟಿ, ಆಮೇಲೆ ಎಸ್‌ಎನ್, ಕೊನೆಗೆ ಪಿಐಆರ್. ಆದರೆ ಸಾಲು ಅದಲುಬದಲು ಮಾಡಿ ಕಮಿಟ್ ಹೊಡೆಯಬೇಡಿ. ಎಸ್‌ಎನ್ ತೆಗೆಯುವ ಕಡೆ ಸಾದಾ ಸಿ ಭಾಷೆಯಲ್ಲಿ ಆ್ಯಂಡ್ ಮಾಡಿ ವಾಪಸ್ ಬರೆದಿದ್ದಾರಾ ನೋಡಿ. ಹಾಗಿದ್ದರೆ ಗ್ರಹಚಾರ. ಎಸ್‌ಎನ್ ಇರುವುದು ಮೊದಲ 8 ಬೈಟ್‌ನಲ್ಲಿ, ಪಿಐಆರ್ ಎರಡನೇ 8 ಬೈಟ್‌ನಲ್ಲಿ. ನಿಮ್ಮ ಬರಹ ಸ್ಟೋರ್ ಬಫರ್‌ನಲ್ಲಿ (ಮೆಮೊರಿಗೆ ಹೋಗುವ ಮುನ್ನ ಕಾಯುವ ಜಾಗ) ಇರುವಾಗಲೇ ಮುಂದಿನ ಓದು ನಡೆದುಹೋಗಬಹುದು, ಎಕ್ಸ್86ನಲ್ಲೂ ಇದಕ್ಕೆ ಅವಕಾಶ ಇದೆ. ಅಂದರೆ ಕೋಡ್‌ನಲ್ಲಿ ಕ್ರಮ ಸರಿ, ಯಂತ್ರದಲ್ಲಿ ಮತ್ತೆ ಹಳೇ ಕಥೆ. ಬರಹ ಮುಗಿಯುವವರೆಗೆ ಮುಂದಿನ ಓದನ್ನು ತಡೆಯುವ ಲಾಕ್ ಪ್ರಿಫಿಕ್ಸ್ ಇರುವ ಕ್ಲಿಯರ್_ಬಿಟ್ ಬಳಸಿದರೆ ಇದು ಸರಿಯಾಗುತ್ತದೆ. ನಾನೇ ಒಮ್ಮೆ ಇಂಥದ್ದೊಂದು ಸಾಲಿಗೆ 'ಚೆನ್ನಾಗಿದೆ' ಅಂತ ಬರೆದು ಪಾಸ್ ಮಾಡಿ, ವಾರಗಟ್ಟಲೆ ಅದರ ಹಿಂದೆ ಅಲೆದವ. ಆಮೇಲೆ ಇಂಥ ಕೋಡ್ ಓದುವ ರೀತಿ ಬದಲಿಸಿದೆ. ಪ್ರತಿ ಎರಡು ಸಾಲಿನ ನಡುವೆ ಪೆನ್ಸಿಲ್ ಇಟ್ಟು 'ಈಗ, ಸರಿಯಾಗಿ ಇಲ್ಲಿ, ಒಬ್ಬ ಕಳಿಸಿದರೆ ಯಾರಿಗೆ ಗೊತ್ತಾಗುತ್ತದೆ?' ಅಂತ ಕೇಳಿಕೊಳ್ಳುತ್ತೇನೆ.

ನೀವು ಕೇಳದ ಒಂದು ವಿಷಯ, ಆದರೆ ರಿವ್ಯೂನಲ್ಲಿ ಬಿಡಬೇಡಿ: ರಿಸೀವರ್ ಸತ್ತಾಗ ಯುಪಿಐಡಿಯನ್ನು ಯಾರು, ಯಾವಾಗ ಫ್ರೀ ಮಾಡುತ್ತಾರೆ? ಕಳಿಸುವವನ ಟೇಬಲ್‌ನಲ್ಲಿ ಅದರ ವಿಳಾಸ ಇನ್ನೂ ಇರುತ್ತದೆ. ಸೆಂಡ್‌ಯುಐಪಿಐ ಆ ವಿಳಾಸಕ್ಕೆ ಬರೆಯುವುದು ಕರ್ನೆಲ್‌ನ ಅಧಿಕಾರದಲ್ಲಿ. ಆ ಜಾಗ ಬೇರೆಯವರ ಪಾಲಾಗಿದ್ದರೆ ಮಾಮೂಲಿ ಪ್ರೋಗ್ರಾಮ್ ಒಂದು ಕರ್ನೆಲ್ ಮೆಮೊರಿಯಲ್ಲಿ ಬಿಟ್ ಕುಟ್ಟಿದಂತಾಯಿತು. ಕೊನೇ ಸೆಂಡರ್ ಬಿಡುವವರೆಗೆ ಉಳಿಸುವ ರೆಫರೆನ್ಸ್ ಕೌಂಟ್ ಇಲ್ಲದಿದ್ದರೆ ಪ್ಯಾಚ್ ಅಲ್ಲೇ ವಾಪಸ್ ಕಳಿಸಿ.

ಹ್ಯಾಂಡ್ಲರ್ ಕಡೆ ಜಾಸ್ತಿ ಹೇಳುವುದಿಲ್ಲ. ಹಾರ್ಡ್‌ವೇರ್ ಎಸ್‌ಎಸ್‌ಇ ರಿಜಿಸ್ಟರ್ ಉಳಿಸಿಕೊಡುವುದಿಲ್ಲ, ಅದಕ್ಕೆ ಜನರಲ್ ರಿಜಿಸ್ಟರ್ ಮಾತ್ರ ಬಳಸುವಂತೆ ಕಂಪೈಲ್ ಮಾಡಬೇಕು. ಸ್ಟ್ಯಾಕ್ ಅಡ್ಜಸ್ಟ್ 128 ಬೈಟ್‌ನ ರೆಡ್ ಜೋನ್ (ಓಡುತ್ತಿರುವ ಫಂಕ್ಷನ್ ಸ್ಟ್ಯಾಕ್ ತುದಿಯ ಕೆಳಗೆ ಬಳಸಬಹುದಾದ ಜಾಗ) ದಾಟಿರಬೇಕು. ಒಳಗೆ ಪ್ರಿಂಟ್‌ಎಫ್ ಕಂಡರೆ ತೆಗೆಸಿ.

ಟೆಸ್ಟ್ ಹೀಗೆ ಬರೆಯಿರಿ: ರಿಸೀವರ್ ಅನ್ನು ಎರಡು ಸಿಪಿಯು ನಡುವೆ ಬಿಡದೆ ಓಡಾಡಿಸಿ, ಕಳಿಸುವವನು ಒಂದು ಕಳಿಸಿ ಉತ್ತರ ಬಂದ ಮೇಲೆಯೇ ಮುಂದಿನದು ಕಳಿಸಲಿ. ಸುಮ್ಮನೆ ಸುರಿದು ಎಣಿಸಿದರೆ ಲೆಕ್ಕ ಹೊಂದುವುದಿಲ್ಲ. ಪಿಐಆರ್‌ನಲ್ಲಿ ಇರುವುದು ಬಿಟ್, ಒಂದೇ ವೆಕ್ಟರ್ (ಇಂಟರಪ್ಟ್ ನಂಬರ್) ಎರಡು ಸಲ ಬಂದರೂ ಒಂದೇ ಚೀಟಿ. ಇದನ್ನು ಒಂದಿಡೀ ರಾತ್ರಿ ಬಿಡಿ. ಟಿಮಕ್ಸ್ ಒಳಗೇ ಓಡಿಸಿ, ಈ ಮಳೆಗೆ ಪೆರ್ಲದಲ್ಲಿ ಕರೆಂಟ್ ಹೋದರೆ ಸರ್ವರ್‌ನಲ್ಲಿ ಟೆಸ್ಟ್ ನಿಲ್ಲಬಾರದು ಅಲ್ವಾ.