ರಾತ್ರಿ ಹನ್ನೊಂದರ ಅನ್ನ

"ನನಗೆ ಬಾಯಿಚಪಲ ಮೇಡಂ. ಅದೊಂದನ್ನ ಬಿಡಿಸಿಕೊಡಿ, ಸಾಕು."

ಆಪ್ತಸಲಹೆಗೆಂದು ನನ್ನ ಬಳಿ ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದ ಮಾತಿದು. ವಯಸ್ಸು 38. ಮಂಡ್ಯ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಮನೆಯಲ್ಲಿ ಗಂಡ, ಅತ್ತೆ, 12 ವರ್ಷದ ಮಗಳು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಹತ್ತು ವರ್ಷದಿಂದ ಒಂದಲ್ಲ ಒಂದು ಡಯಟ್ ನಡೆದೇ ಇತ್ತು. ಅನ್ನ ಬಿಟ್ಟದ್ದು, ಕೀಟೊ, ದಿನಕ್ಕೆ ಹದಿನಾರು ಗಂಟೆ ಉಪವಾಸ, ಜ್ಯೂಸ್ ಮಾತ್ರ. ಪ್ರತಿ ಸಲವೂ ನಾಲ್ಕೈದು ಕೆಜಿ ಇಳಿದು, ವರ್ಷದೊಳಗೆ ಹಿಂದಿರುಗುತ್ತಿತ್ತು. ಆದರೆ ಅವರನ್ನು ನನ್ನ ಬಳಿ ತಂದದ್ದು ತೂಕವಲ್ಲ, ಮಗಳು. ಒಂದು ತಿಂಗಳಿಂದ ಆ ಹುಡುಗಿ ಟಿಫನ್ ಬಾಕ್ಸಿನ ಅನ್ನವನ್ನು ಹಾಗೇ ವಾಪಸು ತರುತ್ತಿದ್ದಳು. ಕೇಳಿದರೆ, "ನೀನು ತಿನ್ನಲ್ವಲ್ಲ ಅಮ್ಮ, ನಾನೂ ತಿನ್ನಲ್ಲ" ಅಂದಳಂತೆ. ಇದನ್ನು ಹೇಳುವಾಗ ಮಾತ್ರ ಅವರ ದನಿ ನಡುಗಿತು.

ಒಂದು ದಿನದ ಊಟವನ್ನು ಬೆಳಗಿನಿಂದ ಹೇಳಿ ಅಂದೆ. ಎದ್ದ ಕೂಡಲೇ ಬಿಸಿನೀರು, ನಿಂಬೆರಸ. ಏಳೂವರೆಗೆ ಬಸ್ಸು. ಮಧ್ಯಾಹ್ನ ಸೌತೆಕಾಯಿ, ಒಂದು ಹಿಡಿ ಮೊಳಕೆಕಾಳು. ಸಂಜೆ ಸಕ್ಕರೆಯಿಲ್ಲದ ಕಾಫಿ. ರಾತ್ರಿ ಮನೆಯವರೆಲ್ಲ ಮುದ್ದೆ, ಬಸ್ಸಾರು ಉಣ್ಣುವಾಗ ಇವರದೊಂದು ಲೋಟ ಸೂಪು. ಆಮೇಲೆ ಹನ್ನೊಂದು ಗಂಟೆಗೆ ಎಲ್ಲರೂ ಮಲಗಿದ ಮೇಲೆ, ಲೈಟು ಹಾಕದೆ, ಫ್ರಿಜ್ಜಿನ ಬೆಳಕಲ್ಲೇ ನಿಂತು, ಪಾತ್ರೆಯಲ್ಲಿ ಉಳಿದ ಅನ್ನಕ್ಕೆ ಸಾರು ಸುರಿದುಕೊಂಡು ತಿನ್ನುತ್ತಿದ್ದರು. ತಳ ಕಂಡ ಮೇಲೆ ಡಬ್ಬಿಯ ಚಕ್ಕುಲಿ, ಮಗಳ ಬ್ರೆಡ್ಡು. ಹೊಟ್ಟೆ ನೋಯುವವರೆಗೂ ಕೈ ನಿಲ್ಲುತ್ತಿರಲಿಲ್ಲ. ವಾರಕ್ಕೆ ಮೂರ್ನಾಲ್ಕು ರಾತ್ರಿ ಹೀಗೆ, ಸುಮಾರು ಎರಡು ವರ್ಷದಿಂದ. ಮರುದಿನ ಪ್ರಾಯಶ್ಚಿತ್ತವೆಂದು ಬೆಳಗಿನ ತಿಂಡಿ ಬಿಡುವುದು.

ವಾಂತಿ ಮಾಡಿಕೊಳ್ಳುವುದು, ಭೇದಿ ಮಾತ್ರೆ ನುಂಗುವುದು ಇದೆಯೇ ಎಂದು ನೇರವಾಗಿ ಕೇಳಿದೆ. ಇಂಥ ಕಡೆ ಸಂಕೋಚಪಟ್ಟರೆ ನಮ್ಮಿಂದಲೇ ತಪ್ಪಾಗುತ್ತದೆ. ಇರಲಿಲ್ಲ. ವೈದ್ಯರ ಬಳಿ ಕಳಿಸಿದೆ: ಥೈರಾಯ್ಡು, ಸಕ್ಕರೆ ಸರಿಯಿತ್ತು, ರಕ್ತ ಕಡಿಮೆಯಿತ್ತು. ಮನೋವೈದ್ಯರು ಇದನ್ನು ಬಿಂಜ್ ಈಟಿಂಗ್ ಡಿಸಾರ್ಡರ್ ಎಂದು ಗುರುತಿಸಿ, ಸದ್ಯಕ್ಕೆ ಮಾತ್ರೆ ಬೇಡ, ಆಪ್ತಸಲಹೆ ಮುಂದುವರಿಸಿ ಎಂದರು. ತಡೆಯಲಾಗದಂತೆ ಅತಿಯಾಗಿ ತಿನ್ನುವುದು ವಾರಕ್ಕೊಮ್ಮೆಯಾದರೂ, ಮೂರು ತಿಂಗಳು ನಡೆದು, ಜೊತೆಗೆ ಹೇಸಿಗೆ, ಪಾಪಪ್ರಜ್ಞೆಯಂಥ ಸಂಕಟವೂ ಇದ್ದರೆ ಈ ಹೆಸರು ಕೊಡುತ್ತಾರೆ. ತಮ್ಮದು ಚಪಲವಲ್ಲ, ಹೆಸರಿರುವ ತೊಂದರೆ ಎಂದು ತಿಳಿದ ದಿನ ಅವರು ತುಂಬ ಹೊತ್ತು ಸುಮ್ಮನೆ ಕೂತಿದ್ದರು.

ಎರಡನೇ ಭೇಟಿಯಲ್ಲಿ ಅವರಿಗೊಂದು ಪ್ರಯೋಗದ ಕತೆ ಹೇಳಿದೆ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ದೇಹದಲ್ಲೂ ಮನಸ್ಸಿನಲ್ಲೂ ಗಟ್ಟಿಯಾಗಿದ್ದ 36 ಯುವಕರಿಗೆ ಆರು ತಿಂಗಳ ಕಾಲ ಹೆಚ್ಚುಕಡಿಮೆ ಅರ್ಧ ಊಟ ಕೊಟ್ಟ. ಅವರ ಮಾತೆಲ್ಲ ಊಟದ ಸುತ್ತಲೇ ತಿರುಗತೊಡಗಿತು. ಕೆಲವರು ಅಡುಗೆ ಪುಸ್ತಕ ಕೂಡಿಡಲು ಶುರುಮಾಡಿದರು. ಬೇಕಾದಷ್ಟು ತಿನ್ನಬಹುದು ಎಂದಾದ ಮೇಲೂ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯಿಲ್ಲ.

ಟೀಚರ್ ನೆಲ ನೋಡುತ್ತಾ ಅಂದರು: "ನಾನು ದಿನಾ ಮಲಗೋ ಮುಂಚೆ ಯೂಟ್ಯೂಬಲ್ಲಿ ಅಡುಗೆ ವಿಡಿಯೊ ನೋಡ್ತೀನಿ. ಒಂದನ್ನೂ ಮಾಡಲ್ಲ."

ಆ ಯುವಕರಿಗೆ ಇದ್ದದ್ದು ಚಪಲವೇ ಎಂದು ಕೇಳಿದೆ. ಉತ್ತರ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಮೊದಲು ಕೊಟ್ಟ ಕೆಲಸ ಬರೆಯುವುದು. ಕ್ಯಾಲೊರಿ ಬೇಡ, ಯಾವ ಹೊತ್ತಿಗೆ, ಎಲ್ಲಿ ಕೂತು, ಎಷ್ಟು ಹಸಿದು, ಯಾವ ಮನಸ್ಥಿತಿಯಲ್ಲಿ ತಿಂದಿರಿ ಅನ್ನುವಷ್ಟೇ. ಎರಡು ವಾರದ ಪಟ್ಟಿಯನ್ನು ಅವರೇ ಲೆಕ್ಕದ ಟೀಚರ್ ಕಣ್ಣಲ್ಲಿ ನೋಡಿದರು. ಮಧ್ಯಾಹ್ನ ಬರೀ ಸೌತೆಕಾಯಿ ತಿಂದ ದಿನಗಳೇ ಹೆಚ್ಚುಕಡಿಮೆ ಎಲ್ಲ ಕೆಟ್ಟ ರಾತ್ರಿಗಳು. ಉಳಿದೆರಡು, ಅತ್ತೆಯ ಜೊತೆ ಮಾತಾಗಿದ್ದ ದಿನಗಳು.

ಆಮೇಲೆ ಹೊತ್ತುಹೊತ್ತಿಗೆ ಊಟ. ಬೆಳಿಗ್ಗೆ ಬಸ್ಸಿಗೆ ಮೊದಲು ತಿಂಡಿ, ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ, ಸಾರು, ಪಲ್ಯ, ಸಂಜೆ ಏನಾದರೂ ಒಂದಿಷ್ಟು, ರಾತ್ರಿ ಎಲ್ಲರ ಜೊತೆ ಎಲ್ಲರ ಊಟ. ನಾಲ್ಕು ಗಂಟೆಗಿಂತ ಹೆಚ್ಚು ಬಿಡುವು ಬೇಡ. ಅವರು ಹೆದರಿದರು, "ಊದಿಬಿಡ್ತೀನಿ" ಅಂದರು. ಮೊದಲ ವಾರ ಮುಳ್ಳು ಒಂದೆರಡು ಕೆಜಿ ಮೇಲೆ ಹೋಗಬಹುದು ಎಂದು ಮೊದಲೇ ಹೇಳಿಟ್ಟೆ. ಅನ್ನ ಬಿಟ್ಟಾಗ ಬೇಗ ಇಳಿಯುವುದರಲ್ಲಿ ಬಹುಪಾಲು ನೀರು. ದೇಹ ಕೂಡಿಟ್ಟ ಪಿಷ್ಟದ ಜೊತೆ ನೀರೂ ಇರುತ್ತದೆ, ಎರಡೂ ಒಟ್ಟಿಗೇ ಹೋಗಿ ಒಟ್ಟಿಗೇ ಬರುತ್ತವೆ. ತೂಕದ ಯಂತ್ರ ಅಟ್ಟ ಸೇರಿತು.

ರಾತ್ರಿಯ ತಿನ್ನುವಿಕೆಯನ್ನು ನಾನು ನಿಷೇಧಿಸಲಿಲ್ಲ. ಹೇಳಿದ್ದಿಷ್ಟು: ತಿನ್ನಬೇಕೆನಿಸಿದರೆ ಲೈಟು ಹಾಕಿ, ತಟ್ಟೆಗೆ ಬಡಿಸಿಕೊಂಡು, ಕೂತು ಉಣ್ಣಿ. ನನಗೆ ಇದೇ ದೊಡ್ಡ ತಿರುವು ಎನಿಸುತ್ತದೆ. ಕದ್ದು ತಿನ್ನುವಾಗ ರುಚಿಯೂ ತಿಳಿಯುವುದಿಲ್ಲ, ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ. ಮೊದಲ ಸಲ ಹಾಗೆ ಕೂತಾಗ ಅಳು ಬಂತಂತೆ, ಅರ್ಧ ತಟ್ಟೆಗೆ ಸಾಕಾಯಿತಂತೆ.

ಮನೆಯವರನ್ನೂ ಒಂದು ಸಲ ಕರೆಸಿದೆ. "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಗಂಡ ಆಗಾಗ ಹೇಳುತ್ತಿದ್ದರು, ಕೆಟ್ಟ ಮನಸ್ಸಿನಿಂದಲ್ಲ. ಹೆಂಡತಿಯ ತಟ್ಟೆ, ಮೈ ಎರಡರ ಬಗ್ಗೆಯೂ ಮಗಳ ಎದುರು ಏನೂ ಹೇಳಬೇಡಿ ಎಂದು ಕೇಳಿಕೊಂಡೆ. ಅತ್ತೆಯ ಕಷ್ಟ ಬೇರೆ: ಬಡಿಸಿದ್ದನ್ನು ಸೊಸೆ ಬೇಡವೆಂದರೆ ಅವರಿಗೆ ನೋವು. ಟೀಚರ್ ಅದುವರೆಗೆ "ಡಯಟಲ್ಲಿದೀನಿ ಅತ್ತೆ" ಅನ್ನುತ್ತಿದ್ದರು. ಈಗ "ಸಾಕು ಅತ್ತೆ, ಹೊಟ್ಟೆ ತುಂಬ್ತು" ಅನ್ನಲು ಕಲಿತರು. ಆ ಮಾತಿಗೆ ಅತ್ತೆ ತಕರಾರು ಮಾಡಲಿಲ್ಲ.

ಗೌರಿ ಹಬ್ಬಕ್ಕೆ ಮತ್ತೆ ಎಡವಿದರು. ಐದಾರು ಒಬ್ಬಟ್ಟು ತಿಂದು, ಮರುದಿನ ಬೆಳಿಗ್ಗೆಯಿಂದ ಉಪವಾಸ, ರಾತ್ರಿ ಮತ್ತೆ ಫ್ರಿಜ್ಜು. ಒಬ್ಬಟ್ಟಿಗಿಂತ ಆ ಉಪವಾಸವೇ ತೊಂದರೆ ಕೊಟ್ಟದ್ದು ಎಂದು ಪಟ್ಟಿ ತೋರಿಸಿದೆ. ಎಷ್ಟೇ ತಿಂದಿರಲಿ, ಮುಂದಿನ ಹೊತ್ತಿನ ಊಟ ಎಂದಿನಂತೆ. ಈ ಒಂದು ಸಲಹೆಯನ್ನು ಅವರಿಗೆ ಹತ್ತು ಸಲವಾದರೂ ಹೇಳಿರಬೇಕು.

ಆರು ತಿಂಗಳಾದಾಗ ಕೆಟ್ಟ ರಾತ್ರಿಗಳು ತಿಂಗಳಿಗೊಂದಕ್ಕೆ ಇಳಿದಿದ್ದವು. ತೂಕ ಹೆಚ್ಚೇನೂ ಬದಲಾಗಿರಲಿಲ್ಲ. ಅದು ಅವರಿಗೆ ದುಃಖವೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಮದುವೆ ಫೋಟೊದ ಆ ಮೈ ಮರಳಿ ಬರಲಿಕ್ಕಿಲ್ಲ ಎಂದು ಒಪ್ಪಿಕೊಳ್ಳಲು ಎರಡು ಭೇಟಿಗಳೇ ಬೇಕಾದವು.

ಇದನ್ನು ಓದಿ ತಮ್ಮದೂ ಇದೇ ಅನ್ನಿಸಿದವರಿಗೆ ಎರಡು ಮಾತು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ಇರುವವರು ಊಟದ ಕ್ರಮವನ್ನು ವೈದ್ಯರನ್ನು ಕೇಳಿಯೇ ಬದಲಿಸಿ. ವಾಂತಿ ಮಾಡಿಕೊಳ್ಳುವುದು, ಮುಟ್ಟು ನಿಲ್ಲುವುದು, ತಲೆಸುತ್ತಿ ಬೀಳುವುದು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಯಾರಲ್ಲಿ ಹೇಳಿಕೊಳ್ಳುವುದು ಎಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ಭೇಟಿ ಒಂದು ಶನಿವಾರ, ಮಗಳೂ ಜೊತೆಗಿದ್ದಳು. ಮಾತು ಮುಗಿಯುವಾಗ ಒಂದೂವರೆ. "ಹಸಿವಾಗ್ತಿದೆ ಮೇಡಂ, ಇಲ್ಲೇ ಹೊರಗೆ ಕೂತು ಊಟ ಮುಗಿಸಿ ಹೊರಡ್ತೀವಿ" ಎಂದು ಎದ್ದರು. ಹೊರಗಿನ ಬೆಂಚಿನ ಮೇಲೆ ಎರಡು ಡಬ್ಬಿ ತೆರೆದಿದ್ದವು, ಎರಡರಲ್ಲೂ ಅವರೆಕಾಳು ಸಾರು, ಅನ್ನ.