ಸರಿಯೋ ತಪ್ಪೋ ಗೊತ್ತಾಗದೆ ಕಲಿಯೋದು ಹೇಗೆ?

ಪ್ರಶ್ನೆ: ನನಗೆ 46 ವರ್ಷ. ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಎನ್‌ಪಿಟೆಲ್‌ನಲ್ಲಿ (ಐಐಟಿಗಳ ಆನ್‌ಲೈನ್ ಪಾಠಗಳ ತಾಣ) 12 ವಾರದ ಪೈಥಾನ್ (ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಭಾಷೆ) ಕೋರ್ಸ್ ಸೇರಿದ್ದೇನೆ. ವಿಡಿಯೊ ನೋಡುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತದೆ. ಅಸೈನ್‌ಮೆಂಟ್ ಕಳಿಸಿದ ಮೇಲೆ ಗಡುವು ಮುಗಿಯುವ ತನಕ ಸರಿಯೋ ತಪ್ಪೋ ತಿಳಿಯುವುದಿಲ್ಲ. ಮೇಷ್ಟ್ರ ಮುಖ ನೋಡಿ ಅಂದಾಜು ಮಾಡೋಣ ಅಂದರೆ ಅದೂ ಇಲ್ಲ. ಈಗಾಗಲೇ ಎರಡು ಅಸೈನ್‌ಮೆಂಟ್ ತಪ್ಪಿಹೋಗಿವೆ. ಬಿಟ್ಟುಬಿಡಲಾ ಮೇಡಂ?
– ಹೆಸರು ಬೇಡ, ಶಿರಸಿ

ಉತ್ತರ: ಎರಡು ತಪ್ಪಿದ್ದಕ್ಕೆ ಬಿಡ್ತೀರಾ? 12 ವಾರದ ಕೋರ್ಸಿನಲ್ಲಿ ಸಾಮಾನ್ಯವಾಗಿ ಹೆಚ್ಚು ಅಂಕ ಬಂದ 8 ಅಸೈನ್‌ಮೆಂಟ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅವಕ್ಕೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಗಡುವಿನೊಳಗೆ ಎಷ್ಟು ಸಲ ಬೇಕಾದರೂ ತಿದ್ದಿ ಕಳಿಸಬಹುದು, ಕೊನೆಯ ಸಲದ್ದೇ ಲೆಕ್ಕ. ನಿಮ್ಮ ಕೋರ್ಸಿನ ಪುಟದಲ್ಲಿ ಇದನ್ನೆಲ್ಲ ಬರೆದಿರುತ್ತಾರೆ, ಒಮ್ಮೆ ಕೂತು ಓದಿ. ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಉಳಿದರ್ಧ, 'ನನಗೆ ನಿಜವಾಗಿ ಬಂತಾ?' ಅನ್ನುವುದು. ಅದನ್ನು ಮೇಷ್ಟ್ರು ಹೇಳಲಿ ಅಂತ ಕಾಯಬೇಡಿ. ಸುಮ್ನೆ ಹೇಳುತ್ತಿಲ್ಲ, ನಿಮ್ಮ ಕೈಯಲ್ಲಿ ಹುಡುಗರಿಗಿಲ್ಲದ ಒಂದು ಆಸ್ತಿ ಇದೆ: ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳು. 10,000 ರೂಪಾಯಿಗೆ ಶೇ 9ರಂತೆ 2 ವರ್ಷದ ಸರಳ ಬಡ್ಡಿ 1,800 ಅಂತ ನಿಮಗೆ ಬಾಯಲ್ಲೇ ಬರುತ್ತದೆ ಅಲ್ವಾ? ವಿಡಿಯೊ ಮುಚ್ಚಿ, ಅದೇ ಲೆಕ್ಕಕ್ಕೆ ಪ್ರೋಗ್ರಾಂ ಬರೆಯಿರಿ. 1,800 ಬಂದರೆ ಬೇರೆಯವರನ್ನು ಕೇಳುವ ಅಗತ್ಯವೇ ಇಲ್ಲ. ಬರದಿದ್ದರೆ ಇನ್ನೂ ಒಳ್ಳೆಯದು. ಉದಾಹರಣೆಗೆ, ನಾವು ಟೈಪ್ ಮಾಡಿದ್ದನ್ನು ಓದಿಕೊಳ್ಳುವ 'ಇನ್‌ಪುಟ್' (input) ಆದೇಶದಿಂದ ಪಡೆದ 10000ವನ್ನು ನೇರವಾಗಿ 2ರಿಂದ ಗುಣಿಸಿ ನೋಡಿ. 20000 ಬರುವುದಿಲ್ಲ, 1000010000 ಬರುತ್ತದೆ! ಪೈಥಾನ್ ಅದನ್ನು ಸಂಖ್ಯೆಯಲ್ಲ, ಬರಹ ಅಂತ ತಿಳಿದು ಎರಡು ಸಲ ಬರೆದುಬಿಡುತ್ತದೆ. 'ಇಂಟ್' (int) ಅನ್ನುವ ಆದೇಶ ಹಾಕಿ ಸಂಖ್ಯೆ ಮಾಡಬೇಕು. ವಿಡಿಯೊದಲ್ಲಿ ಕೇಳಿ ತಲೆಯಾಡಿಸಿದ್ದು ಮರೆತುಹೋಗುತ್ತದೆ, ಹೀಗೆ ಕಣ್ಣಾರೆ ಕಂಡದ್ದು ಮರೆಯುವುದಿಲ್ಲ.

ಕೆಂಪು ಅಕ್ಷರದ ಎರರ್ ಬಂದರೆ ಕೊನೆಯ ಸಾಲು ಮೊದಲು ಓದಿ. ಏನು ತಪ್ಪಾಗಿದೆ ಅಂತ ಅಲ್ಲೇ ಇರುತ್ತದೆ. ಆಗಲೂ ತಿಳಿಯದಿದ್ದರೆ ಆ ಸಾಲು ಮತ್ತು ನಿಮ್ಮ ಕೋಡ್ ಎರಡನ್ನೂ ಹಾಕಿ ಕೋರ್ಸಿನ ಚರ್ಚಾ ವೇದಿಕೆಯಲ್ಲಿ ಕೇಳಿ. ಬರೀ 'ಅರ್ಥವಾಗಿಲ್ಲ' ಅಂದರೆ ಉತ್ತರ ಕೊಡುವವರಿಗೂ ಕಷ್ಟ. ಮಿಕ್ಕವರೆಲ್ಲ ತೆಪ್ಪಗಿದ್ದಾರೆ ಅಂದರೆ ಅವರಿಗೆಲ್ಲ ಗೊತ್ತಿದೆ ಅಂತಲ್ಲ. ಅವರೂ ನಿಮ್ಮ ಹಾಗೇ ಹೆದರಿ ಕೂತಿರಬಹುದು.

ಇನ್ನೊಂದು, ಸೇರಿದಾಕ್ಷಣ ಪರೀಕ್ಷೆಗೆ ಹೆಸರು ಬಂತು ಅಂದುಕೊಳ್ಳಬೇಡಿ. ಅದಕ್ಕೆ ಶುಲ್ಕ ಕಟ್ಟಿ ಬೇರೆಯೇ ನೋಂದಣಿ ಮಾಡಿಸಬೇಕು. ಕೊನೆಯ ದಿನ ಯಾವುದು ಅಂತ ಇವತ್ತೇ ನೋಡಿಕೊಳ್ಳಿ.