ಬಡಪಾಯಿಗೆ ಏನಾಯಿತು?

ಪುಸ್ತಕದ ಪ್ರಶ್ನೆಗಳು: ಓದುಗರ ಪತ್ರಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೇನೆ. ‘ರಾಬಿನ್‌ಸನ್ ಕ್ರೂಸೋ’ ಮತ್ತು ‘ಲಾರ್ಡ್ ಆಫ್ ದ ಫ್ಲೈಸ್’ ಎರಡನ್ನೂ ಹೋಲಿಸಿ ಸೆಮಿನಾರ್ ಕೊಡಬೇಕು. ವಿಷಯ, ನಾಗರಿಕತೆ ಮತ್ತು ಅನಾಗರಿಕತೆ. ಎಲ್ಲ ಗೈಡುಗಳಲ್ಲೂ ಒಂದೇ ಮಾತಿದೆ. ಮೊದಲನೆಯದರಲ್ಲಿ ಮನುಷ್ಯ ಕಾಡನ್ನು ಗೆಲ್ಲುತ್ತಾನೆ, ಎರಡನೆಯದರಲ್ಲಿ ಅವನೊಳಗಿನ ಮೃಗ ಗೆಲ್ಲುತ್ತದೆ ಅಂತ. ಇಷ್ಟೇನಾ? ನನಗ್ಯಾಕೋ ಸಮಾಧಾನ ಆಗುತ್ತಿಲ್ಲ.
– ವಿದ್ಯಾರ್ಥಿನಿ, ಬನಶಂಕರಿ

ಉತ್ತರ: ಸಮಾಧಾನ ಆಗದೇ ಇದ್ದದ್ದು ಒಳ್ಳೆಯದೇ ಆಯಿತಮ್ಮ. ಈ ಎರಡೂ ಕಾದಂಬರಿಗಳನ್ನು ಬೆಂಗಳೂರಿನ ಕಾಲೇಜುಗಳಲ್ಲಿ ಪಾಠ ಮಾಡಿದವಳು ನಾನು. ಗೈಡಿನ ಆ ಎರಡು ಸಾಲನ್ನು ಉತ್ತರ ಪತ್ರಿಕೆಗಳಲ್ಲಿ ಓದಿ ಓದಿ ಸಾಕಾಗಿದೆ. ನೀವು ಪುಸ್ತಕವನ್ನೇ ಓದಿದ್ದೀರಿ, ಅದಕ್ಕೇ ಅನುಮಾನ ಬಂದಿದೆ.

ಇಂಥ ಕಾದಂಬರಿ ಓದುವಾಗ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇಲ್ಲಿ ಎಲ್ಲರಿಗಿಂತ ಬಡಪಾಯಿ ಯಾರು? ಅವನಿಗೆ ಏನಾಯಿತು? ಮನೆ ಕಟ್ಟಿದರೋ ಇಲ್ಲವೋ, ಬಟ್ಟೆ ಉಟ್ಟರೋ ಮುಖಕ್ಕೆ ಬಣ್ಣ ಬಳಿದುಕೊಂಡರೋ, ಅದೆಲ್ಲ ಆಮೇಲೆ.

ಕ್ರೂಸೋನಿಂದ ಶುರು ಮಾಡೋಣ. ಡೇನಿಯಲ್ ಡೆಫೊ ಈ ಕಾದಂಬರಿ ಪ್ರಕಟಿಸಿದ್ದು 1719ರಲ್ಲಿ. ಹಡಗು ಒಡೆದು ಒಬ್ಬನೇ ಬದುಕುಳಿದ ಕ್ರೂಸೋ ನಿರ್ಜನ ದ್ವೀಪದಲ್ಲಿ 28 ವರ್ಷ ಕಳೆಯುತ್ತಾನೆ. ಮೇಕೆ ಸಾಕಿದ್ದು, ಮಡಕೆ ಸುಟ್ಟದ್ದು, ಚರ್ಮದ ಕೊಡೆ ಮಾಡಿಕೊಂಡದ್ದು ಎಲ್ಲರಿಗೂ ನೆನಪಿರುತ್ತದೆ. ಆದರೆ ಒಡೆದುಹೋದ ಆ ಹಡಗು ಹೊರಟಿದ್ದು ಎಲ್ಲಿಗೆ? ಬ್ರೆಜಿಲ್‌ನಿಂದ ಆಫ್ರಿಕಾದ ಗಿನಿ ತೀರಕ್ಕೆ, ಗುಲಾಮರನ್ನು ತರಲು. ಅದಕ್ಕೂ ಮುಂಚಿನ ಕಥೆ ನೋಡಿ. ಕ್ರೂಸೋ ತಾನೇ ಗುಲಾಮನಾಗಿ ಸಿಕ್ಕಿಬಿದ್ದಿರುತ್ತಾನೆ. ದೋಣಿಯಲ್ಲಿ ತಪ್ಪಿಸಿಕೊಂಡು ಬರುವಾಗ ಝೂರಿ ಅನ್ನುವ ಹುಡುಗ ಜೊತೆಗಿರುತ್ತಾನೆ. ನೀರು ತರಲು ದಡಕ್ಕೆ ಇಳಿಯಬೇಕು, ಅಲ್ಲಿ ಯಾರಿದ್ದಾರೋ ಗೊತ್ತಿಲ್ಲ. ನಾನೇ ಹೋಗುತ್ತೇನೆ, ನನ್ನನ್ನು ತಿಂದರೆ ತಿನ್ನಲಿ, ನೀನು ಪಾರಾಗು ಅನ್ನುತ್ತಾನೆ ಆ ಹುಡುಗ. ಮುಂದೆ ಒಂದು ಪೋರ್ಚುಗೀಸ್ ಹಡಗು ಇಬ್ಬರನ್ನೂ ಕಾಪಾಡುತ್ತದೆ. ಕ್ರೂಸೋ ಝೂರಿಯನ್ನು ಆ ಹಡಗಿನ ಕ್ಯಾಪ್ಟನ್‌ಗೆ 60 ಬೆಳ್ಳಿ ನಾಣ್ಯಕ್ಕೆ ಮಾರುತ್ತಾನೆ! ಹತ್ತು ವರ್ಷ ಆದಮೇಲೆ, ಕ್ರೈಸ್ತನಾದರೆ, ಬಿಡುಗಡೆ ಅನ್ನುವ ಕರಾರಿನ ಮೇಲೆ. ದ್ವೀಪಕ್ಕೆ ಇನ್ನೂ ಕಾಲೇ ಇಟ್ಟಿಲ್ಲ, ಕಾಡೂ ಇಲ್ಲ, ಹಸಿವೂ ಇಲ್ಲ. ಎಲ್ಲ ಲೆಕ್ಕಪತ್ರದ ಪ್ರಕಾರವೇ ನಡೆಯುತ್ತದೆ.

ಇನ್ನು ಫ್ರೈಡೇ. ದ್ವೀಪದಲ್ಲಿ ನರಭಕ್ಷಕರ ಕೈಯಿಂದ ಕಾಪಾಡಿ ಕ್ರೂಸೋ ಸೇವಕನಾಗಿ ಇಟ್ಟುಕೊಂಡ ಮೂಲನಿವಾಸಿ. ಅವನಿಗೆ ಕ್ರೂಸೋ ದೇವರು, ಸೈತಾನ ಎಲ್ಲ ಪಾಠ ಮಾಡುತ್ತಾನೆ. ಫ್ರೈಡೇ ಒಂದು ಪ್ರಶ್ನೆ ಕೇಳುತ್ತಾನೆ. ದೇವರಿಗೆ ಸೈತಾನನಿಗಿಂತ ಜಾಸ್ತಿ ಶಕ್ತಿ ಇದ್ದರೆ, ಅವನನ್ನು ಕೊಂದು ಕೆಡುಕನ್ನು ಯಾಕೆ ನಿಲ್ಲಿಸುವುದಿಲ್ಲ? ಕ್ರೂಸೋ ಕೇಳಿಸಲಿಲ್ಲ ಅನ್ನುವ ಹಾಗೆ ನಟಿಸುತ್ತಾನೆ. ಫ್ರೈಡೇ ಬಿಡುವುದಿಲ್ಲ. ಆಗ ಏನೋ ತರಲು ಅವನನ್ನು ದೂರ ಕಳಿಸಿ, ತಾನು ಪ್ರಾರ್ಥನೆ ಮಾಡುತ್ತಾನೆ. ಇಡೀ ಪುಸ್ತಕದಲ್ಲಿ ಇದಕ್ಕಿಂತ ಗಟ್ಟಿ ಪ್ರಶ್ನೆ ಇನ್ನೊಂದಿಲ್ಲ. ಅದನ್ನು ಕೇಳುವವನು ‘ಕಾಡು ಮನುಷ್ಯ’. ಡೆಫೊ ಇದನ್ನು ಮುಚ್ಚಿಡದೆ ಬರೆದಿದ್ದಾನೆ ಅನ್ನುವುದಕ್ಕೇ ನನಗೆ ಅವನ ಮೇಲೆ ಗೌರವ. ಸೆಮಿನಾರ್‌ನಲ್ಲಿ ಈ ಪುಟವನ್ನು ಓದಿ ಹೇಳಿ. ಕೊಡೆ, ಮೇಕೆ ಬಿಟ್ಟರೂ ಪರವಾಗಿಲ್ಲ.

ವಿಲಿಯಂ ಗೋಲ್ಡಿಂಗ್‌ನ ‘ಲಾರ್ಡ್ ಆಫ್ ದ ಫ್ಲೈಸ್’ ಬಂದದ್ದು 1954ರಲ್ಲಿ. ವಿಮಾನ ಬಿದ್ದು, ದೊಡ್ಡವರಿಲ್ಲದ ನಿರ್ಜನ ದ್ವೀಪದಲ್ಲಿ ಸಿಕ್ಕಿಕೊಂಡ ಬ್ರಿಟಿಷ್ ಹುಡುಗರ ಕಥೆ. ಗೋಲ್ಡಿಂಗ್ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದವನು, 1944ರ ನಾರ್ಮಂಡಿ ದಾಳಿಯನ್ನು ಕಣ್ಣಾರೆ ಕಂಡವನು. ಗಂಡುಹುಡುಗರ ಶಾಲೆಯಲ್ಲಿ ಮೇಷ್ಟ್ರೂ ಆಗಿದ್ದ. ಇಲ್ಲಿ ಬಡಪಾಯಿ ಯಾರು ಅಂದರೆ ಎಲ್ಲರೂ ಪಿಗ್ಗಿ ಅನ್ನುತ್ತಾರೆ. ದಪ್ಪ, ಕನ್ನಡಕ, ಉಬ್ಬಸ. ಶಂಖ ಊದುವುದು ಹೇಗೆ ಅಂತ, ಮುಂದೆ ಹುಡುಗರ ನಾಯಕನಾಗುವ ರಾಲ್ಫ್‌ಗೆ ಹೇಳಿಕೊಟ್ಟವನೇ ಅವನು. ತನ್ನ ಅಡ್ಡಹೆಸರನ್ನು ಬೇರೆಯವರಿಗೆ ಹೇಳಬೇಡ ಅಂತ ರಾಲ್ಫ್‌ನನ್ನು ಬೇಡಿಕೊಂಡಿರುತ್ತಾನೆ. ರಾಲ್ಫ್ ಎಲ್ಲರೆದುರು ಹೇಳಿಬಿಡುತ್ತಾನೆ, ಎಲ್ಲರೂ ನಗುತ್ತಾರೆ. ಮೊದಲ ಅಧ್ಯಾಯದಲ್ಲೇ, ಬೇಟೆ ರಕ್ತ ಏನೂ ಇಲ್ಲದಾಗಲೇ, ಒಳ್ಳೆಯ ಹುಡುಗನಿಂದಲೇ ಇದು ಆಗುತ್ತದೆ. ಪಿಗ್ಗಿಯ ನಿಜವಾದ ಹೆಸರು ನಮಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ.

ಆದರೆ ಅವನಿಗಿಂತ ಬಡಪಾಯಿ ಇನ್ನೊಬ್ಬನಿದ್ದಾನೆ. ಮುಖದ ಮೇಲೆ ದೊಡ್ಡ ಮಚ್ಚೆ ಇದ್ದ ಪುಟ್ಟ ಹುಡುಗ. ಹುಡುಗರು ಹಚ್ಚಿದ ಮೊದಲ ಬೆಂಕಿ ಕೈಮೀರಿ ಕಾಡಿಗೆ ಹತ್ತಿಕೊಂಡಾಗ ಅವನು ಕಾಣೆಯಾಗುತ್ತಾನೆ. ಆ ಮಗು ಎಲ್ಲಿ ಅಂತ ಕೇಳುವವನು ಪಿಗ್ಗಿ ಒಬ್ಬನೇ. ಯಾರು ಯಾರಿದ್ದಾರೆ ಅಂತ ಹೆಸರು ಪಟ್ಟಿ ಮಾಡಲು ಹೊರಟಿದ್ದವನೂ ಅವನೇ, ಅದು ಪೂರ್ತಿ ಆಗಲೇ ಇಲ್ಲ. ಕೊನೆಯ ಪುಟಕ್ಕೆ ಬನ್ನಿ. ಯುದ್ಧನೌಕೆಯ ಅಧಿಕಾರಿ ಬಂದಿದ್ದಾನೆ. ಯಾರಾದರೂ ಸತ್ತಿದ್ದಾರಾ ಅಂತ ಕೇಳುತ್ತಾನೆ. ಇಬ್ಬರು ಅನ್ನುತ್ತಾನೆ ರಾಲ್ಫ್. ಅಂದರೆ ಹುಡುಗರೇ ಕೊಂದ ಸೈಮನ್, ಪಿಗ್ಗಿ. ಮಚ್ಚೆಯ ಹುಡುಗ ಲೆಕ್ಕಕ್ಕೇ ಬರಲಿಲ್ಲ. ನೀವು ಒಟ್ಟು ಎಷ್ಟು ಜನ ಅಂತ ಕೇಳಿದರೆ ರಾಲ್ಫ್‌ಗೆ ಅದೂ ಗೊತ್ತಿಲ್ಲ. ಬ್ರಿಟಿಷ್ ಹುಡುಗರಾಗಿ ಹೀಗಾ ಅಂತ ಅಧಿಕಾರಿಗೆ ಬೇಜಾರು. ಅವನ ಹಿಂದೆ ನಿಂತಿರುವುದು ಜನರನ್ನು ಕೊಲ್ಲಲೆಂದೇ ಹೊರಟ ಹಡಗು. ಗೈಡುಗಳು ಇದನ್ನೂ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಶಂಖದ ವಿಷಯ ನಿಮ್ಮ ಸೆಮಿನಾರ್‌ಗೆ ಬಂದೇ ಬರುತ್ತದೆ. ಶಂಖ ಕೈಯಲ್ಲಿದ್ದವನು ಮಾತಾಡಬೇಕು, ಉಳಿದವರು ಕೇಳಬೇಕು. ಇದು ನನಗೆ ಚೆನ್ನಾಗಿ ಅರ್ಥವಾದದ್ದು 2024ರ ಬೇಸಿಗೆಯಲ್ಲಿ. ಆಗ ನಲ್ಲಿ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಹಾಕಿದ್ದರಲ್ಲ, ಆ ಬೇಸಿಗೆ. ನಮ್ಮ ಬೀದಿಯ ಬೋರ್‌ವೆಲ್ ಬತ್ತಿತ್ತು. ಟ್ಯಾಂಕರ್ ಬರುವುದಕ್ಕೆ ಮುಂಚೆಯೇ ಬಿಂದಿಗೆಗಳ ಸಾಲು. ಅದರಲ್ಲಿ ಕತ್ತಿಗೆ ಕೆಂಪು ದಾರ ಕಟ್ಟಿದ ಹಸಿರು ಬಿಂದಿಗೆ ಒಂದು. ಅದರ ಒಡತಿ ಬೆಳಿಗ್ಗೆಯೇ ಬಿಂದಿಗೆ ಇಟ್ಟು ಮನೆಗೆಲಸಕ್ಕೆ ಹೋಗಿರುತ್ತಿದ್ದಳು. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಸರದಿ ಬಂದಾಗ ಹಿಂದಿನವರೇ ತುಂಬಿಸಿ ಪಕ್ಕಕ್ಕೆ ಇಡುತ್ತಿದ್ದರು. ಒಂದು ದಿನ ಅರ್ಧ ಟ್ಯಾಂಕರ್ ನೀರು ಮಾತ್ರ ಬಂತು. ಯಾರೋ ಆ ಬಿಂದಿಗೆಯನ್ನು ಕಾಲಲ್ಲಿ ಆಚೆ ಸರಿಸಿದರು. ಜಗಳ ಆಯಿತು, ಮುಗಿಯಿತು. ಮಾರನೇ ದಿನದಿಂದ ಪ್ರತಿಯೊಂದು ಬಿಂದಿಗೆ ಪಕ್ಕ ಮನೆಯವರು ಒಬ್ಬರು ಕಾವಲು ನಿಂತರು. ಬಿಂದಿಗೆಯನ್ನೇ ನಂಬಿ ಕೆಲಸಕ್ಕೆ ಹೋಗುತ್ತಿದ್ದವಳಿಗೆ ಆ ಅನುಕೂಲ ಇರಲಿಲ್ಲ. ಕೆಲಸ ಬಿಡಬೇಕು, ಇಲ್ಲ ನೀರು ಬಿಡಬೇಕು.

ಪಿಗ್ಗಿ ಶಂಖವನ್ನು ಕೊನೆಯವರೆಗೂ ಎದೆಗವಚಿ ಹಿಡಿದಿದ್ದು ಇದಕ್ಕೇ. ಬೇಟೆಗಾರ ಹುಡುಗರ ನಾಯಕ ಜ್ಯಾಕ್‌ಗೆ ಶಂಖ ಬೇಕಾಗಿಲ್ಲ, ಈಟಿ ಇದೆ. ರಾಲ್ಫ್‌ಗೆ ಮೈಕಟ್ಟು ಇದೆ. ನಿಯಮ ಬೇಕಾಗಿದ್ದು ಬೇರೆ ಏನೂ ಇಲ್ಲದವನಿಗೆ. ಜ್ಯಾಕ್‌ನ ಗುಂಪಿನ ರೋಜರ್‌ನನ್ನು ನೆನಪಿಸಿಕೊಳ್ಳಿ. ಮೊದಲು ಅವನು ಪುಟ್ಟ ಹೆನ್ರಿಯ ಕಡೆ ಕಲ್ಲು ಎಸೆಯುತ್ತಾನೆ, ಆದರೆ ಬೇಕೆಂದೇ ಗುರಿ ತಪ್ಪಿಸಿ. ಅಪ್ಪ ಅಮ್ಮ, ಶಾಲೆ, ಪೊಲೀಸ್ ಯಾರೂ ಅಲ್ಲಿಲ್ಲ. ಆದರೂ ಅವರ ಭಯ ಅವನ ಕೈ ಹಿಡಿದಿರುತ್ತದೆ. ಮುಂದೆ ಬಂಡೆ ಉರುಳಿಸಿ ಪಿಗ್ಗಿಯನ್ನು ಕೊಲ್ಲುವವನೂ ಅವನೇ, ಶಂಖ ಚೂರಾಗುವುದೂ ಆಗಲೇ. ಆ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ಓದಿ.

ಹಾಗಾದರೆ ಮಕ್ಕಳನ್ನು ಬಿಟ್ಟರೆ ಹೀಗೇ ಆಗುತ್ತದಾ? ಇದಕ್ಕೆ ನಿಜವಾಗಿ ನಡೆದ ಒಂದು ಉತ್ತರವಿದೆ. 1965ರಲ್ಲಿ ಟೋಂಗಾ ದೇಶದ ಆರು ಹುಡುಗರು ಬೋರ್ಡಿಂಗ್ ಶಾಲೆಯಿಂದ ತಪ್ಪಿಸಿಕೊಂಡು, ದೋಣಿ ಕದ್ದು ಸಮುದ್ರಕ್ಕೆ ಹೋದರು. ಬಿರುಗಾಳಿಗೆ ಸಿಕ್ಕಿ ಅಟಾ ಅನ್ನುವ ನಿರ್ಜನ ದ್ವೀಪಕ್ಕೆ ಬಂದು ಬಿದ್ದರು. 1966ರ ಸೆಪ್ಟೆಂಬರ್‌ನಲ್ಲಿ ಪೀಟರ್ ವಾರ್ನರ್ ಅನ್ನುವ ಆಸ್ಟ್ರೇಲಿಯಾದ ನಾವಿಕ ಅವರನ್ನು ನೋಡಿದಾಗ ಆರು ಜನವೂ ಗಟ್ಟಿಯಾಗಿದ್ದರು. ಇಬ್ಬಿಬ್ಬರ ಜೋಡಿ ಮಾಡಿಕೊಂಡು ತೋಟ, ಅಡುಗೆ, ಕಾವಲು ಅಂತ ಸರದಿ ಹಾಕಿಕೊಂಡಿದ್ದರು. ಹೊತ್ತಿಸಿದ ಬೆಂಕಿ ಆರಲು ಬಿಟ್ಟಿರಲಿಲ್ಲ. ಜಗಳ ಆದರೆ ಇಬ್ಬರೂ ಸ್ವಲ್ಪ ಹೊತ್ತು ಬೇರೆ ಬೇರೆ ಕಡೆ ಹೋಗಿ ಕೂರಬೇಕು. ಒಬ್ಬ ಬಂಡೆಯಿಂದ ಬಿದ್ದು ಕಾಲು ಮುರಿದುಕೊಂಡ. ಉಳಿದವರು ಕಡ್ಡಿ, ಎಲೆ ಕಟ್ಟಿ ಮೂಳೆ ಕೂಡಿಸಿದರು. ನೀನು ರಾಜನ ಹಾಗೆ ಮಲಗಿರು, ನಿನ್ನ ಕೆಲಸ ನಾವು ಮಾಡುತ್ತೇವೆ ಅಂದರು. ನಮ್ಮ ಬಡಪಾಯಿ ಪ್ರಶ್ನೆಗೆ ಉತ್ತರ ಅಲ್ಲಿದೆ ನೋಡಿ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಅಟಾ ಯಾಕೆ ನಿರ್ಜನವಾಗಿತ್ತು? ಅಲ್ಲಿ ಹಿಂದೆ ಜನ ಇದ್ದರು. 1863ರಲ್ಲಿ ಗುಲಾಮರ ವ್ಯಾಪಾರದ ಹಡಗೊಂದು ಬಂದು ಅವರಲ್ಲಿ ನೂರಕ್ಕೂ ಹೆಚ್ಚು ಜನರನ್ನು ಹೊತ್ತುಕೊಂಡು ಹೋಯಿತು. ಉಳಿದವರನ್ನು ಟೋಂಗಾದ ರಾಜ ಬೇರೆ ದ್ವೀಪಕ್ಕೆ ಕರೆಸಿಕೊಂಡ. ಅವರು ಬಿಟ್ಟುಹೋದ ಕೋಳಿಗಳ ಸಂತತಿ, ಬಾಳೆ, ಕೆಸುವಿನ ಗೆಡ್ಡೆ ತಿಂದು ಆ ಹುಡುಗರು ಬದುಕಿದ್ದು. ಕ್ರೂಸೋ ಹೊರಟಿದ್ದೂ ಅಂಥದ್ದೇ ಹಡಗಿನಲ್ಲಿ. ನಿಮ್ಮ ಸೆಮಿನಾರ್ ಇಲ್ಲಿಂದ ಶುರುವಾದರೆ ಗೈಡು ಬೇಕಾಗುವುದಿಲ್ಲ.

ಪ್ರಶ್ನೆ: ನಮ್ಮ ಮಗ ಒಂಬತ್ತನೇ ಕ್ಲಾಸು. ‘ಲಾರ್ಡ್ ಆಫ್ ದ ಫ್ಲೈಸ್’ ಓದುತ್ತಾ, ಸೈಮನ್‌ನನ್ನು ಎಲ್ಲರೂ ಸೇರಿ ಕೊಲ್ಲುವ ಕಡೆ ನಿಲ್ಲಿಸಿಬಿಟ್ಟಿದ್ದಾನೆ. ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಶುರು ಮಾಡಿದ ಮೇಲೆ ಮುಗಿಸಲೇಬೇಕು ಅಂತ ಯಜಮಾನರು ಹೇಳುತ್ತಾರೆ. ಏನು ಮಾಡಲಿ?
– ತಾಯಿ, ರಾಜಾಜಿನಗರ

ಉತ್ತರ: ಮೊದಲು ಅವನಿಗೆ ಶಭಾಷ್ ಹೇಳಿ. ಆ ಪುಟ ಓದಿ ನಿದ್ದೆ ಕೆಡಿಸಿಕೊಂಡ ಮಗು ಸರಿಯಾಗಿಯೇ ಓದಿದೆ. ಬಲವಂತ ಮಾಡಬೇಡಿ. ಒಂದು ವಾರ ಪುಸ್ತಕ ಪಕ್ಕಕ್ಕಿರಲಿ.

ಆಮೇಲೆ ಮುಂದಿನ ಅಧ್ಯಾಯವನ್ನು ನೀವಿಬ್ಬರೂ ಒಟ್ಟಿಗೆ ಕೂತು ಓದಿ. ಅದು ಮಾರನೇ ಬೆಳಿಗ್ಗೆಯ ಕಥೆ. ರಾತ್ರಿ ಮಳೆಯಲ್ಲಿ, ಕುಣಿತದಲ್ಲಿ ರಾಲ್ಫ್ ಮತ್ತು ಪಿಗ್ಗಿ ಕೂಡ ಇದ್ದರು. ಬೆಳಿಗ್ಗೆ ರಾಲ್ಫ್ ಅದು ಕೊಲೆ ಅನ್ನುತ್ತಾನೆ. ಪಿಗ್ಗಿ ಒಪ್ಪುವುದಿಲ್ಲ. ಆಕಸ್ಮಿಕ ಅನ್ನುತ್ತಾನೆ, ಕತ್ತಲಿತ್ತು ಅನ್ನುತ್ತಾನೆ, ನಾವು ಬೇಗ ಹೊರಟುಬಂದೆವು ಅಂತ ಎಲ್ಲರೂ ಹೇಳಿಕೊಳ್ಳುತ್ತಾರೆ. ಬುದ್ಧಿವಂತ, ಒಳ್ಳೆಯ ಪಿಗ್ಗಿ! ನನಗೆ ಕೊಲೆಯ ಪುಟಕ್ಕಿಂತ ಈ ಪುಟ ಓದುವುದು ಕಷ್ಟ. ಮಗನ ಹತ್ತಿರ ಮಾತಾಡಬೇಕಾದ್ದೂ ಇದನ್ನೇ. ಶಾಲೆಯಲ್ಲಿ ಒಬ್ಬ ಹುಡುಗನನ್ನು ಎಲ್ಲರೂ ಸೇರಿ ಗೋಳುಹೊಯ್ದುಕೊಂಡಾಗ ಸುಮ್ನೆ ನಿಂತು ನೋಡಿದವರು ಮಾರನೇ ದಿನ ಏನು ಹೇಳುತ್ತಾರೆ ಅಂತ ಕೇಳಿ. ಅವನಿಗೆ ನಿಮಗಿಂತ ಜಾಸ್ತಿ ಗೊತ್ತಿರುತ್ತದೆ. ಯಜಮಾನರೂ ಜೊತೆಗೆ ಕೂತರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಪಿಗ್ಗಿಯ ಕನ್ನಡಕದಿಂದ ಬೆಂಕಿ ಹೊತ್ತಿಸಲು ನಿಜವಾಗಿ ಆಗುತ್ತದೆಯೇ?
– ವಿಜ್ಞಾನ ಶಿಕ್ಷಕರು, ಯಲಹಂಕ

ಉತ್ತರ: ಆಗುವುದಿಲ್ಲ, ನಿಮಗೆ ಗೊತ್ತಿದ್ದೇ ಕೇಳಿದ್ದೀರಿ. ಪಿಗ್ಗಿಗೆ ದೂರದ್ದು ಕಾಣುವುದಿಲ್ಲ. ಆ ದೋಷಕ್ಕೆ ಕೊಡುವ ಮಸೂರ ಬೆಳಕನ್ನು ಚದುರಿಸುತ್ತದೆ, ಒಂದೆಡೆ ಸೇರಿಸುವುದಿಲ್ಲ. ಮಕ್ಕಳಿಗೆ ಭೌತವಿಜ್ಞಾನ ಹೇಳಿಕೊಡಲು ಇದು ಒಳ್ಳೆಯ ಉದಾಹರಣೆ. ಕಾದಂಬರಿಗೆ ಇದರಿಂದ ಏನೂ ನಷ್ಟವಿಲ್ಲ.

ಪ್ರಶ್ನೆ: ಕನ್ನಡದಲ್ಲಿ ಇಂಥ ಕಾದಂಬರಿ ಇದೆಯೇ? ಕಾಡು, ಉಳಿವು, ಮನುಷ್ಯನ ಪರೀಕ್ಷೆ ಇಂಥದ್ದು. ಇಂಗ್ಲಿಷ್ ಓದುವುದು ನನಗೆ ಕಷ್ಟ.
– ನಿವೃತ್ತ ಬ್ಯಾಂಕ್ ನೌಕರರು, ವಿಜಯನಗರ

ಉತ್ತರ: ದ್ವೀಪವೇ ಬೇಕು ಅನ್ನದಿದ್ದರೆ ಧಾರಾಳವಾಗಿ ಇವೆ ಸರ್. ಶಿವರಾಮ ಕಾರಂತರ ‘ಬೆಟ್ಟದ ಜೀವ’ ತೆಗೆದುಕೊಳ್ಳಿ. ಸುಬ್ರಹ್ಮಣ್ಯದ ಕಡೆಯ ಕಾಡು. ಹುಲಿಯ ಕಾಟ ಉಂಟು, ಮಳೆ ಉಂಟು. ಆದರೆ ದಾರಿ ತಪ್ಪಿ ಬಂದ ಅಪರಿಚಿತನನ್ನು ಗೋಪಾಲಯ್ಯ, ಶಂಕರಮ್ಮ ದಂಪತಿ ಮನೆಮಗನ ಹಾಗೆ ನೋಡಿಕೊಳ್ಳುತ್ತಾರೆ. ಅವರಿಗೆ ನೋವು ಬಂದದ್ದು ಕಾಡಿನಿಂದಲ್ಲ, ಮನೆ ಬಿಟ್ಟುಹೋದ ಮಗನಿಂದ. ಕ್ರೂಸೋನ ಹಾಗೆ ಇಲ್ಲೂ ಕಾಡು ಕಡಿದು ತೋಟ ಮಾಡುತ್ತಾರೆ, ಆದರೆ ಎಷ್ಟು ಬೇರೆ ಲೋಕ!

ತೇಜಸ್ವಿಯವರು ಕನ್ನಡಕ್ಕೆ ತಂದ ‘ಮಹಾಪಲಾಯನ’ ಹಿಡಿದರೆ ಕೆಳಗಿಡುವುದಿಲ್ಲ. ಸೈಬೀರಿಯಾದ ಶಿಬಿರದಿಂದ ತಪ್ಪಿಸಿಕೊಂಡ ಕೈದಿಗಳು ತಮಗೇ ಊಟವಿಲ್ಲದಾಗ ದಾರಿಯಲ್ಲಿ ಸಿಕ್ಕ ಹುಡುಗಿಯೊಬ್ಬಳನ್ನು ಜೊತೆಗೆ ಸೇರಿಸಿಕೊಳ್ಳುತ್ತಾರೆ.

ಆದರೆ ನನ್ನ ಮಟ್ಟಿಗೆ, ನಮ್ಮ ಭಾಷೆಯಲ್ಲಿ ಈ ವಿಷಯದ ಮೇಲೆ ಬಂದ ಅತಿ ಕಠಿಣ ಪುಸ್ತಕ ಕಾರಂತರದೇ 1933ರ ‘ಚೋಮನ ದುಡಿ’. ಅಲ್ಲಿ ಹಡಗು ಒಡೆಯುವುದಿಲ್ಲ. ಊರಿದೆ, ದೇವಸ್ಥಾನವಿದೆ, ಒಡೆಯರಿದ್ದಾರೆ, ಎಲ್ಲಕ್ಕೂ ಕಟ್ಟುಪಾಡಿದೆ. ಚೋಮನಿಗೆ ಬೇಕಾದದ್ದು ಉಳಲು ತುಂಡು ಭೂಮಿ. ಅದು ಸಿಗುವುದಿಲ್ಲ. ಅವನ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದಾರೆ. ಹೊಲೆಯರ ಹುಡುಗನನ್ನು ಮುಟ್ಟಬೇಕಾಗುತ್ತದೆ ಅಂತ ಅವನನ್ನು ಎತ್ತುವುದಿಲ್ಲ. ಗೋಲ್ಡಿಂಗ್‌ನ ಹುಡುಗರು ನಿಯಮ ಮುರಿದು ಕೊಂದರು. ಇಲ್ಲಿ ನಿಯಮ ಪಾಲಿಸಿದ್ದಕ್ಕೇ ಒಂದು ಮಗು ಸತ್ತಿತು. ಬನಶಂಕರಿಯ ವಿದ್ಯಾರ್ಥಿನಿಯೂ ಇದನ್ನು ಓದಬೇಕು ಅಂತ ನನ್ನ ಆಸೆ. ಶಂಖ ಒಡೆಯಬಾರದು ಅನ್ನುವುದು ಸರಿ, ಆದರೆ ಶಂಖವನ್ನು ಯಾರ ಕೈಗೆ ಕೊಡುವುದೇ ಇಲ್ಲ ಅನ್ನುವುದನ್ನೂ ಕೇಳಬೇಕಲ್ಲ?

ಚಿಕ್ಕ ಪುಸ್ತಕ ಸರ್, ಒಂದು ಭಾನುವಾರ ಸಾಕು. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ ನೋಡಿ. ಕೊಳ್ಳುವುದಾದರೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲೂ ಹುಡುಕಬಹುದು. ಓದಿದ ಮೇಲೆ ನೀಲನ ಆ ಭಾಗದ ಬಗ್ಗೆ ನಿಮಗೆ ಏನನ್ನಿಸಿತು ಅಂತ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.